ಉಣುಗೋಲಿನ ಕೆಳಗಿನ ಗಳ

ಸರ್ ಅಂತ ಒಂದು ಸದ್ದು, ಒಣಗಿದ ಸಿಲ್ವರ್ ಓಕ್ ಎಲೆಗಳ ಮೇಲೆ ಏನೋ ಎಳೆದುಕೊಂಡು ಹೋದಂತೆ, ಕೇರೆ ಹಾವಿರಬೇಕು, ಈ ಬಿಸಿಲಿಗೆ ಅದೂ ನೆರಳು ಹುಡುಕಿಕೊಂಡು ಹೊರಟಿದೆ — ಮತ್ತೆ ಸರ್, ಮತ್ತೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ, ಹಾವು ಎಲ್ಲಿಯಾದರೂ ಹೀಗೆ ಲೆಕ್ಕ ಇಟ್ಟುಕೊಂಡು ಹರಿಯುತ್ತದೆಯೇ, ಹಿಂದೆ ಬರುತ್ತಿರುವ ಇಲಿಯಾಸನ ಕಾಲೇ ಇರಬೇಕು, ಲಾರಿಯಲ್ಲಿ ಕೂತು ಕೂತು ನಡಿಗೆ ಮರೆತವನು, ಎತ್ತಿ ಇಡಲು ಸೋಮಾರಿತನ, ಹೇಳಬೇಕು ಅವನಿಗೆ, ಕಾಲೆತ್ತು ಮಾರಾಯ ಎಂದು ಲಕ್ಕಯ್ಯ ಬಾಯಿ ತೆರೆಯುವಷ್ಟರಲ್ಲಿ ಕಣ್ಣು ತನ್ನದೇ ಬಲಗಾಲಿನ ಮೇಲೆ ಬಿತ್ತು, ಹೆಬ್ಬೆರಳು ಎಲೆಗಳನ್ನು ಸೀಳಿಕೊಂಡು ಹೋಗುತ್ತಿತ್ತು, ಸರ್. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ತನ್ನ ಕಾಲೇ, ಲಕ್ಕಯ್ಯನ ಕಾಲೇ — ಇರಲಿಕ್ಕಿಲ್ಲ, ಈ ವರ್ಷ ಎಲೆ ಜಾಸ್ತಿ ಬಿದ್ದಿದೆ ಅಷ್ಟೇ, ಎಲೆಯ ತಪ್ಪಿಗೆ ಕಾಲನ್ನು ದೂರುವುದು ಯಾವ ನ್ಯಾಯ. ಹೆಗಲ ಮೇಲೆ ಬೊಂಬು, ಬೊಂಬಿಗೆ ಎರಡೂ ತುದಿ ಬಿಗಿದು ಕಟ್ಟಿದ ಕಂಬಳಿಯ ಜೋಲಿ, ಜೋಲಿಯೊಳಗೆ ಗಿಡ್ಡಪ್ಪ, ತಲೆ ಮುಂದೆ, ಕಾಲು ಹಿಂದೆ, ಕಾಲು ಮುಂದಾಗಿ ಹೊರುವುದು ಹೆಣವನ್ನು ಮಾತ್ರ, ಗಿಡ್ಡಪ್ಪ ಹೆಣವಲ್ಲ, ಆಗುವುದೂ ಇಲ್ಲ, ಲಕ್ಕಯ್ಯ ಮುಂದೆ ಇರುವಾಗ ಹೇಗೆ ಆದಾನು. ಬೆಳಿಗ್ಗೆ ಕಾಳುಮೆಣಸು ಕುಯ್ಯಲು ಒಂಟಿ ಬಿದಿರಿನ ಏಣಿ ಹತ್ತಿದ್ದನಂತೆ, ಈ ವಯಸ್ಸಿಗೆ, ಹೆಂಡತಿ ಶಂಕರಮ್ಮ ಬೇಡ ಬೇಡ ಎಂದರೂ ಕೇಳದೆ, ಏಣಿ ವಾಲಿತು, ತೊಡೆಯ ಮೂಳೆ ಹೋಯಿತು. ಅಡಿಕೆ ದಬ್ಬೆ ಎರಡು ಕಡೆ ಇಟ್ಟು ಟವೆಲಿನಿಂದ ಬಿಗಿದವನು ಲಕ್ಕಯ್ಯನೇ, ಬಿಗಿಯುವಾಗ ಒಳಗೆ ಮೂಳೆ ಕರಕ್ ಎಂದದ್ದು ಬೆರಳಿಗೆ ತಿಳಿಯಿತು, ಜಾವಳಿ ಕಡೆಯವನೊಬ್ಬ ಹೀಗೇ ತೊಡೆ ಮುರಿದುಕೊಂಡವನು, ಹೊತ್ತವರು ಎಡವಿ ಜೋಲಿ ನೆಲಕ್ಕೆ ಬಡಿದು, ಒಳಗೊಳಗೇ ರಕ್ತ ಹರಿದು, ರಸ್ತೆ ಮುಟ್ಟುವ ಮೊದಲೇ ಹೋದ. ಅದು ಶಂಕರಮ್ಮನಿಗೂ ಗೊತ್ತು, ಅದಕ್ಕೇ ಅವಳು ನೀರಿನ ಚೆಂಬು, ಬಟ್ಟೆಗಂಟು ಹಿಡಿದು ಜೋಲಿಯ ಹಿಂದೆಯೇ ಹೆಜ್ಜೆ ಹಾಕುತ್ತಿದ್ದಾಳೆ.

ಬೇರು — ಕೂಗಿದ ಲಕ್ಕಯ್ಯ, ಕೂಗು ಚೆನ್ನಾಗಿಯೇ ಬಂತು, ಗಟ್ಟಿ, ನಿಧಾನ, ಅವನ ಹಳೆಯ ಕೂಗು. ಹಿಂದಿನವನಿಗೆ ಮುಂದಿನವನ ಬಾಯೇ ಕಣ್ಣು, ಕಂಬಳಿ ಅಡ್ಡ ಇರುವಾಗ ಅವನಿಗೆ ನೆಲ ಎಲ್ಲಿ ಕಾಣುತ್ತದೆ, ಮುಂದಿನವನು ಬೇರು ಎಂದರೆ ಬೇರು, ಕಲ್ಲು ಎಂದರೆ ಕಲ್ಲು, ಇಳಿ ಎಂದರೆ ಮೊಣಕಾಲು ಸಡಿಲ, ಬೊಂಬಿನ ಉದ್ದಕ್ಕೆ ಎಷ್ಟು ಹೆಜ್ಜೆ ಎಂದು ಹಿಂದಿನವನೇ ಅಂದಾಜು ಇಟ್ಟುಕೊಂಡು ಆ ಜಾಗ ಬಂದಾಗ ಕಾಲೆತ್ತಬೇಕು. ಈ ವಿದ್ಯೆ ಕಲಿಸಿದವನು ಈಗ ಬೆನ್ನಿಗೆ ತಲೆ ಕೊಟ್ಟು ಮಲಗಿದ್ದಾನೆ, ಮುಂದಿನ್ ಕಾಲ್ನ ಕಣ್ಣು ನೋಡ್ಕೊಳ್ತದೆ ಕಣೋ ಲಕ್ಕ, ಹಿಂದಿನ್ ಕಾಲ್ನ ಯಾರೂ ನೋಡಲ್ಲ, ಎಡವೋದು ಯಾವಾಗ್ಲೂ ಹಿಂದಿನ್ ಕಾಲು, ದಾಟ್ದೆ ಅಂತ ಮನ್ಸು ಮುಂದೆ ಹೋಗಿರ್ತದೆ, ಕಾಲು ಇನ್ನೂ ಹಿಂದೇ ಇರ್ತದೆ — ಆಗ ಲಕ್ಕಯ್ಯನಿಗೆ ಮೀಸೆ ಬಂದು ಎಷ್ಟು ದಿನ ಮಹಾ, ಗಿಡ್ಡಪ್ಪ ಮುಂದೆ, ಇವನು ಹಿಂದೆ, ಎಸ್ಟೇಟಿನ ಮಲ್ಲಿಕಾರ್ಜುನಪ್ಪನವರ ತಾಯಿಯನ್ನು ಹೊತ್ತದ್ದು, ಆ ಅಮ್ಮನವರು ಜೋಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ಬಂದರು, ಸುಣ್ಣದ ಕರಡಿಗೆಯಿಂದ ಒಂದು ಚೂರು ಸುಣ್ಣ ಸೆರಗಿಗೆ ಬೀಳಲಿಲ್ಲ. ಆಮೇಲೆ ಗಿಡ್ಡಪ್ಪನ ಸೊಂಟ ಹಿಡಿಯಿತು, ಮುಂದಿನ ಹೆಗಲು ಲಕ್ಕಯ್ಯನಿಗೆ ಬಂತು, ಬಂದದ್ದು ಬಂತು, ಈವರೆಗೆ ಬೇರೆಯವರ ಪಾಲಾಗಿಲ್ಲ. ಯಾರ್ ಮುಂದೆ ಎಂದು ಕೇಳಿಯೇ ಹೆಂಗಸರು ಜೋಲಿ ಹತ್ತುತ್ತಿದ್ದರು, ಲಕ್ಕಣ್ಣ ಅಂದ್ರೆ ಸೈ, ಬೇರೆಯವರಾದ್ರೆ ನಡ್ಕೊಂಡೇ ಬರ್ತೀನಿ ಎನ್ನುತ್ತಿದ್ದಳು ಅಣ್ಣಮ್ಮ, ಹೆರಿಗೆ ನೋವಿನಲ್ಲಿ ಬೆವರು ಸುರಿಯುತ್ತಿದ್ದವಳು. ಕಲ್ಲು. ಮೇಲಿನ ಗುಡ್ಡದ ಮೇಷ್ಟರಿಗೆ ಹಾವು ಕಚ್ಚಿದಾಗ, ಹೊರನಾಡಿಗೆ ಬಂದ ಯಾವುದೋ ದೊಡ್ಡ ಮನುಷ್ಯರು ಗುಡ್ಡ ನೋಡಲು ಹೋಗಿ ಪಾದ ತಿರುಚಿಕೊಂಡಾಗ, ಕರೆಯಿರಿ ಲಕ್ಕಯ್ಯನನ್ನು. ಹೆಮ್ಮೆ ಪಡಬಾರದೇ, ಯಾಕೆ ಪಡಬಾರದು, ತಹಸೀಲ್ದಾರರಿಗೆ ಕುರ್ಚಿ ಇದೆ, ಮೇಸ್ತ್ರಿಗೆ ಶಿಳ್ಳೆ ಇದೆ, ಲಕ್ಕಯ್ಯನಿಗೆ ಎರಡು ಕಾಲಿವೆ. ಮುಂದೆ ಹೆಗಲು ಕೊಟ್ಟವನು ರಸ್ತೆ ಮುಟ್ಟುವವರೆಗೆ ಬದಲಾಗಬಾರದು ಎನ್ನುವುದು ಗಿಡ್ಡಪ್ಪನೇ ಹಾಕಿದ ಕಟ್ಟಳೆ, ಬಾಯಿ ಬದಲಾದರೆ ಹಿಂದಿನವನ ಕಾಲು ಗಲಿಬಿಲಿಯಾಗುತ್ತದೆ, ಅವನೂ ಮುರಿಯಲಿಲ್ಲ, ಇವನೂ ಮುರಿದಿಲ್ಲ.

ಇನ್ನು ಎಷ್ಟು ದೂರ, ಈ ಕಾಫಿ ತೋಟ ಮುಗಿದರೆ ಏಲಕ್ಕಿ ಹಳ್ಳ, ಹಳ್ಳ ಹತ್ತಿದರೆ ಬೇಲಿ, ಬೇಲಿಯಲ್ಲಿ ಉಣುಗೋಲು, ಉಣುಗೋಲು ದಾಟಿದರೆ ರಸ್ತೆ, ರಸ್ತೆಯಲ್ಲಿ ಮೂಟೆಗೆ ಕಾದು ನಿಂತ ಮೊಹಿದ್ದೀನ್ ಸಾಹೇಬರು, ಅವರ ಲಾರಿ. ಉಣುಗೋಲು ನೆನೆದರೇ ಲಕ್ಕಯ್ಯನ ಬೆನ್ನು ನೆಟ್ಟಗಾಗುತ್ತದೆ. ಎರಡು ಕಲ್ಲುಕಂಬ, ಕಂಬದ ತೂತುಗಳಿಗೆ ಅಡ್ಡ ತೂರಿಸಿದ ಬಿದಿರಿನ ಗಳಗಳು, ಮೇಲಿನವನ್ನು ಸರಿಸಿ ದಾರಿ ಮಾಡಿಕೊಳ್ಳಬಹುದು, ಕೆಳಗಿನದನ್ನು ಮಾತ್ರ ತಂತಿ ಸುತ್ತಿ ಬಿಗಿದಿದ್ದಾರೆ, ಕರು ನುಸುಳಬಾರದೆಂದು, ಮೊಣಕಾಲಿನ ಎತ್ತರಕ್ಕೆ ಅದು ಸದಾ ಇದ್ದೇ ಇರುತ್ತದೆ, ಅದನ್ನು ದಾಟಲೇಬೇಕು. ಆ ಗಳದ ನಡುವೆ ಒಂದು ಗೇಣಿನಷ್ಟು ಜಾಗ ಹೊಳೆಯುತ್ತದೆ. ಉಳಿದ ಬಿದಿರೆಲ್ಲ ಬೂದು ಬಣ್ಣ, ಪಾಚಿ ಒಣಗಿದ ಕಲೆ, ನಡುವೆ ಅಷ್ಟೇ ಅಷ್ಟು ಎಣ್ಣೆ ಹಚ್ಚಿ ಒರೆಸಿದ ಹಾಗೆ ಮಿರಿಮಿರಿ. ಅದೇನು ಹಾಗೆ ಎಂದು ಮೊದಲ ಸಲ ಕೇಳಿದ್ದಕ್ಕೆ ಗಿಡ್ಡಪ್ಪ ನಕ್ಕಿದ್ದ, ಸುಸ್ತಾದೋರ ಕಾಲುಜ್ಜಿದ್ದು ಮಾರಾಯ, ಬೆಳಿಗ್ಗೆ ಹೋಗೋರು ಯಾರೂ ಅದ್ನ ಮುಟ್ಟಲ್ಲ, ಸಂಜೆ ಬರೋರು ಮುಟ್ಟದೆ ಬರಲ್ಲ. ಸೌದೆ ಹೊತ್ತವರು, ಗೊಬ್ಬರ ಹೊತ್ತವರು, ಹಣ್ಣು ಕುಯ್ದು ಮೂಟೆ ಹೊತ್ತವರು, ಎಲ್ಲರ ಹಿಂದಿನ ಕಾಲಿನ ಬೆರಳು ಅಲ್ಲಿ ಸವರಿಕೊಂಡು ಹೋಗಿ ಹೋಗಿ ಬಂದ ಹೊಳಪು. ಅದರಲ್ಲಿ ಲಕ್ಕಯ್ಯನ ಪಾಲು ಒಂದು ಎಳ್ಳಿನಷ್ಟೂ ಇಲ್ಲ. ಪ್ರತಿ ಸಲ ಜೋಲಿ ದಾಟಿಸಿದ ಮೇಲೆ ಗಿಡ್ಡಪ್ಪ ಕೇಳುತ್ತಿದ್ದ, ಮುಟ್ತಾ ಲಕ್ಕ. ಇಲ್ಲ. ಮನೆಯಲ್ಲೇ ಕೂರುವ ಹಾಗೆ ಆದಮೇಲೂ, ಯಾರನ್ನಾದರೂ ರಸ್ತೆಗೆ ಮುಟ್ಟಿಸಿ ಬಂದಾಗ ಜಗಲಿಯಿಂದಲೇ, ಮುಟ್ತಾ. ಇಲ್ಲ. ಅಷ್ಟೇ ಮಾತು, ಆಮೇಲೆ ಕಾಫಿ. ಆ ಇಲ್ಲ ಎನ್ನುವ ಒಂದು ಮಾತಿಗಾಗಿ ಎಷ್ಟೋ ಸಲ ಉಣುಗೋಲಿನ ಹತ್ತಿರ ಬರುವಾಗ ತೊಡೆಯಲ್ಲಿ ಉಳಿದಿದ್ದ ಕಸುವನ್ನೆಲ್ಲ ಒಟ್ಟು ಮಾಡಿ ಎತ್ತಿದ್ದಾನೆ, ಇವತ್ತೂ ಎತ್ತುತ್ತಾನೆ, ಇವತ್ತು ಕೇಳುವವನನ್ನೇ ಹೊತ್ತಿದ್ದಾನಲ್ಲ, ಬೆನ್ನ ಹಿಂದಿನಿಂದಲೇ ಕೇಳುತ್ತಾನೆ.

ಸರ್. ಎಡಗಾಲೂ ಶುರುಮಾಡಿತು. ತಪ್ಪು ಕಾಲಿನದಲ್ಲ, ಬೆಂಕಿಯದು, ನಿನ್ನೆ ಸಂಜೆ ಕುದುರೆಮುಖದ ಕಡೆಯ ಬೋಳುಗುಡ್ಡಕ್ಕೆ ಕಿಚ್ಚು ಬಿದ್ದು ಗಂಡಸರೆಲ್ಲ ಹಸಿ ಸೊಪ್ಪಿನ ಕೊಂಬೆ ಹಿಡಿದು ಓಡಿದ್ದು, ಬಡಿದದ್ದೇ ಬಡಿದದ್ದು, ಹುಲ್ಲು ಹತ್ತಿಕೊಂಡು ಚಟಚಟ, ಇಲ್ಲಿ ಆರಿಸಿದರೆ ಅಲ್ಲಿ, ಬೆಂಕಿ ಕಾಫಿ ತೋಟಕ್ಕೆ ಇಳಿದರೆ ವರ್ಷದ ಗಂಜಿಯೇ ಹೋಯಿತು, ಬೆಳಕು ಹರಿದಾಗ ಲಕ್ಕಯ್ಯ ಬೂದಿ ಮೆತ್ತಿಕೊಂಡು ನೀರಿಗೆಂದು ಇಳಿದು ಬಂದ, ಉಳಿದವರು ಇನ್ನೂ ಮೇಲೇ ಇದ್ದಾರೆ, ಇಳಿದು ಬಂದವನಿಗೆ ಶಂಕರಮ್ಮನ ಕೂಗು ಕೇಳಿಸಿತು. ಒಂದು ಲೋಟ ಕಾಫಿ ಕುಡಿಯುವಷ್ಟೂ ನಿಲ್ಲಲಿಲ್ಲ. ಊರಲ್ಲಿ ಗಂಡು ಎಂದು ಇದ್ದವನು ಮೂಟೆ ತುಂಬಲು ಬಂದ ಇಲಿಯಾಸ್ ಒಬ್ಬನೇ, ಮೊಹಿದ್ದೀನ್ ಸಾಹೇಬರ ಲಾರಿಯ ಡ್ರೈವರು, ಎರಡು ಮಕ್ಕಳ ತಂದೆ, ನಾನು ಹೊರ್ತೀನಿ ಲಕ್ಕಣ್ಣ, ಹಿಂದೆ ನಿಲ್ತೀನಿ, ಹೇಳ್ಕೊಡಿ ಎಂದ. ಒಳ್ಳೆಯವನೇ. ಬೇರು. ಈ ಬೇರು ಇಷ್ಟು ಸಣ್ಣದು, ಅದಕ್ಕೆ ಕಾಲು ಇಷ್ಟೆತ್ತರ ಯಾಕೆ ಎದ್ದಿತು, ಬೆಳ್ಳಕ್ಕಿ ಕೆಸರಿನಲ್ಲಿ ನಡೆದ ಹಾಗೆ, ಎತ್ತಿದ್ದು ಜಾಸ್ತಿಯಾಗಿ ಬೊಂಬು ಒಮ್ಮೆ ಜಿಗಿಯಿತು, ಮುಂದಿನ ಕಲ್ಲಿಗೆ ಸಾಕಷ್ಟು ಎತ್ತಲಿಲ್ಲ, ಉಗುರಿಗೆ ತಾಗಿತು, ಕಣ್ಣಲ್ಲಿ ಕಿಡಿ ಹಾರಿತು, ಲಕ್ಕಯ್ಯ ಉಸಿರನ್ನು ಮೂಗಿನಲ್ಲೇ ಹಿಡಿದ. ತೊಡೆ ತನ್ನದೆನ್ನಿಸುತ್ತಿಲ್ಲ, ನೆನೆದ ಗೋಣಿಯನ್ನು ಯಾರೋ ಸೊಂಟಕ್ಕೆ ಕಟ್ಟಿದ್ದಾರೆ, ಎತ್ತು ಎಂದರೆ ಸ್ವಲ್ಪ ತಡೆದು ಏಳುತ್ತದೆ, ಹೇಳಿದಷ್ಟು ಏಳುವುದಿಲ್ಲ, ಹೇಳದಿದ್ದಾಗ ಏಳುತ್ತದೆ. ಬಲಗಾಲಿನ ಹೆಬ್ಬೆರಳು ತೇವ. ರಕ್ತವಿರಬೇಕು. ಇರಲಿ. ಸ್ವಲ್ಪ ಕೂತ್ಕಳಿ ಲಕ್ಕಣ್ಣ, ನೀರು ಕುಡೀರಿ — ಶಂಕರಮ್ಮ. ನನಗೆ ಬಾಯಾರಿಲ್ಲ, ಗಿಡ್ಡಪ್ಪಣ್ಣಂಗೆ ಕೊಡಿ. ಅವ್ರು ಬೇಡ ಅಂತ ತಲೆ ಆಡಿಸ್ತಾರೆ. ನಂಗೂ ಬೇಡ. ಹಿಂದಿನಿಂದ ಇಲಿಯಾಸ್, ಲಕ್ಕಣ್ಣ ಏರು ಬಂತು, ಸೆಕೆಂಡ್ ಗೇರ್ ಹಾಕ್ಕೊಳಿ, ಟಾಪಲ್ಲಿ ಎಳೀಬೇಡಿ ಇಂಜಿನ್ ಕುಟ್ತದೆ. ಇಂಜಿನ್ ಕುಟ್ತದಂತೆ, ಯಾರ ಇಂಜಿನ್ನು, ನಿನ್ನ ಸಾಹೇಬರ ಲಾರಿ ಕೊಟ್ಟಿಗೆಹಾರದ ಏರಿನಲ್ಲಿ ಎಷ್ಟು ಸಲ ನಿಂತಿದೆ ಎಂದು ನಾನು ಹೇಳಲೇ, ಎಂದುಕೊಂಡನೇ ಹೊರತು ಹೇಳಲಿಲ್ಲ, ಹೇಳಲು ಬೇಕಾದ ಉಸಿರು ಕೂಗಲು ಬೇಕು. ಗಿಡ್ಡಪ್ಪ ಮಾತಾಡುತ್ತಿಲ್ಲ. ಅವನ ಕಿವಿ ಲಕ್ಕಯ್ಯನ ಹಿಮ್ಮಡಿಯ ಮೇಲೇ ಇದೆ, ಗೊತ್ತು, ಬೇರೆ ಏನೂ ಕೇಳಿಸದಷ್ಟು ಹತ್ತಿರ, ಸರ್ ಎಂದದ್ದೆಲ್ಲ ಅವನಿಗೆ ಕೇಳಿಸಿದೆ, ಕಲ್ಲಿಗೆ ಉಗುರು ತಾಗಿದ್ದೂ ಕೇಳಿಸಿದೆ, ಬೈಯಬಹುದಿತ್ತು, ಮೊದಲಾದರೆ ಬೈಯುತ್ತಿದ್ದ, ಏನೋ ಲಕ್ಕ ಕಾಲಿಗೆ ಬಳೆ ತೊಟ್ಕೊಂಡಿದ್ಯಾ ಎನ್ನುತ್ತಿದ್ದ. ಅವನು ಬೈಯದೇ ಇರುವುದು ಉಗುರಿಗಿಂತ ಹೆಚ್ಚು ಉರಿಯುತ್ತದೆ.

ಕಣ್ಣು ಎಳೆಯುತ್ತದೆ, ಮುಚ್ಚಿದರೆ ಬೆಂಕಿ, ತೆರೆದರೆ ಬಿಸಿಲಿನ ಚಿಕ್ಕೆಗಳು ಕಾಫಿ ಎಲೆಯ ಮೇಲೆ, ಅವೂ ಕಿಡಿಗಳೇ, ಬಡಿಯಬೇಕು ಎನ್ನಿಸುತ್ತದೆ, ಕೈಯಲ್ಲಿ ಕೊಂಬೆಯಿಲ್ಲ, ಕವೆಗೋಲಿದೆ, ಬೊಂಬಿಗೆ ಆಧಾರ ಕೊಟ್ಟು ನಿಲ್ಲಲು ತಂದ ಕವಲಿನ ಕೋಲು, ಅದನ್ನು ಊರಿಕೊಂಡು ನಡೆಯಬಹುದು, ಯಾರೂ ತಪ್ಪು ತಿಳಿಯುವುದಿಲ್ಲ — ಊರುವುದಿಲ್ಲ, ಲಕ್ಕಯ್ಯ ಕೋಲೂರಿದ ಎನ್ನುವ ಮಾತು ಕಳಸದವರೆಗೂ ಹೋಗುತ್ತದೆ. ದಾರಿ ಗೊತ್ತು, ನಿದ್ದೆಯಲ್ಲೂ ಗೊತ್ತು, ಈ ತಿರುವು, ಈ ಹಲಸು, ಹಲಸಿನ ಬುಡದ ಉಬ್ಬು ಬೇರು, ಅದಾದ ಮೇಲೆ ಹತ್ತಿ ಇಳಿದರೆ ದಾರಿಗಡ್ಡ ಬಿದ್ದ ನಂದಿ ಮರ, ಕಾಲಿಗೆ ಎಲ್ಲ ಬಾಯಿಪಾಠ, ಕಣ್ಣು ಬೇಕಾಗಿಯೇ ಇಲ್ಲ, ಎತ್ತು, ಇಳಿಸು, ಎತ್ತು — ಮರ, ಕೂಗಿದ ಲಕ್ಕಯ್ಯ, ಮರ, ದೊಡ್ಡದು, ಎತ್ತು. ಅವನ ಕಾಲು ಎದ್ದಿತು, ಇಳಿಯಿತು, ಅಲ್ಲೇನೋ ಸರಿಯಿಲ್ಲ ಎನ್ನಿಸಿತು, ಏನೆಂದು ಹೊಳೆಯುವಷ್ಟರಲ್ಲಿ ಹಿಂದೆ ಇಲಿಯಾಸ್ ಎಣಿಸಿಕೊಂಡ ಜಾಗಕ್ಕೆ ಬಂದು ಸೊಂಟದೆತ್ತರ ಕಾಲೆತ್ತಿ ಮರದ ಮೇಲೆ ಇಡಲು ಹೋದ, ಮರವಿರಲಿಲ್ಲ. ಇಲ್ಲದ ಮರದ ಮೇಲೆ ಇಟ್ಟ ಕಾಲು ಸೀದಾ ನೆಲಕ್ಕೆ ಹೋಗಿ ಧಡ್ ಎಂದಿತು, ಬೊಂಬು ಬಗ್ಗಿ ಚಿಮ್ಮಿತು, ಕಂಬಳಿಯೊಳಗಿನಿಂದ ಒಂದು ನರಳಿಕೆ, ಗಿಡ್ಡಪ್ಪನ ಬಾಯಿಂದ ಲಕ್ಕಯ್ಯ ಯಾವತ್ತೂ ಕೇಳದ ಸದ್ದು, ಸಣ್ಣದು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡದ್ದು. ಶಂಕರಮ್ಮ ಓಡಿ ಬಂದು ಎರಡೂ ಕೈಯಲ್ಲಿ ಜೋಲಿ ಹಿಡಿದಳು. ಯಾ ಅಲ್ಲಾ, ಮರ ಎಲ್ಲಿ ಲಕ್ಕಣ್ಣ, ಇಲಿಯಾಸ್ ಕೇಳಿದ, ಬೈಗುಳವಲ್ಲ, ನಿಜವಾಗಿ ಹುಡುಕುತ್ತಿದ್ದ. ಎಲ್ಲರೂ ನಿಂತರು. ದಾರಿ ಖಾಲಿ, ಒಣ ಎಲೆ, ಕೆಂಪು ಮಣ್ಣು, ಒಂದು ಕಡೆ ಮಣ್ಣಲ್ಲಿ ಹೂತ ಮರದ ಪುಡಿ. ಆಗ ಗಿಡ್ಡಪ್ಪ ಮೊದಲ ಸಲ ಬಾಯಿಬಿಟ್ಟ, ಆ ಮರ ಹೋದ್ ವರ್ಷನೇ ಕುಯ್ದಾಯ್ತಲ್ಲ ಮಾರಾಯ.

ಕುಯ್ದಾಗಿತ್ತು. ಕುಯ್ದವನು ಲಕ್ಕಯ್ಯನೇ, ಗರಗಸದ ಒಂದು ತುದಿ ಅವನ ಕೈಯಲ್ಲಿತ್ತು, ಆ ನಂದಿ ಮರದ ಒಂದು ತುಂಡು ಅವನ ಮನೆಯಲ್ಲಿ ಮಣೆಯಾಗಿ ಬಿದ್ದಿದೆ, ದಿನಾ ಅದರ ಮೇಲೆ ಕೂತು ಉಣ್ಣುತ್ತಾನೆ. ಎಡವಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ, ಎಡವುವುದು ಕಾಲಿನ ಕೆಲಸ, ಇಲ್ಲದ್ದನ್ನು ಇದೆ ಎಂದು ಕೂಗಿ ಇನ್ನೊಬ್ಬನನ್ನು ಎಡವಿಸುವುದು ಯಾವ ಹೆಗಲಿನ ಕೆಲಸ, ಅವನು ನಂಬಿದ್ದಕ್ಕೇ ತಾನೇ ಕಾಲೆತ್ತಿದ್ದು. ಇನ್ನೊಂದು ಸಲ ಹೀಗಾದರೆ ಒಳಗಿನ ಮೂಳೆ ಏನನ್ನು ಕುಯ್ಯುತ್ತದೋ, ಜಾವಳಿಯವನನ್ನು ಹೊತ್ತವನಿಗೂ ಹೀಗೇ ಮೈಯೆಲ್ಲ ಹೆಮ್ಮೆಯೇ ಇತ್ತೇನೋ, ಆಮೇಲೆ ಅವನು ಹೆಣದ ತಲೆಯನ್ನು ಹಿಂದಕ್ಕೆ ತಿರುಗಿಸಿ ಹೊತ್ತಿರಬೇಕು. ತಿರುಗಿಸುವುದಿಲ್ಲ, ಈ ತಲೆಯನ್ನು ಲಕ್ಕಯ್ಯ ತಿರುಗಿಸುವುದಿಲ್ಲ. ಕವೆ ಊರು ಇಲಿಯಾಸ್, ಎಂದ. ಇಬ್ಬರೂ ಕವೆಗೋಲು ಊರಿ ಬೊಂಬನ್ನು ಅದರ ಮೇಲೆ ನಿಲ್ಲಿಸಿದರು, ಜೋಲಿ ತೂಗದಂತೆ ಶಂಕರಮ್ಮ ಹಿಡಿದೇ ಇದ್ದಳು. ನೀನು ಮುಂದೆ ಬಾ. ನಾನಾ, ಮುಂದಿನ್ ಹೆಗಲು ಬದಲಾಗ್ಬಾರ್ದು ಅಂತ ಹೊರಡುವಾಗ ನೀವೇ ಹೇಳಿದ್ರಲ್ಲ. ಹೇಳಿದ್ದೆ. ಈಗ ಬಾ ಅಂತಿದೀನಿ, ನನ್ನ ಕಣ್ಣು ಹೋದ್ ವರ್ಷದ ದಾರೀಲಿ ನಡೀತಿದೆ. ಅಷ್ಟು ಹೇಳಲು ಏಲಕ್ಕಿ ಹಳ್ಳ ಹತ್ತುವಷ್ಟು ಕಸುವು ಬೇಕಾಯಿತು, ಹೇಳಿದ ಮೇಲೆ ಎದೆಯಲ್ಲಿ ಏನೋ ಕುಸಿಯುತ್ತದೆ ಎಂದು ಕಾದ, ಕುಸಿಯಲಿಲ್ಲ, ಹೇಳಿದವನು ನಾನೇ ಅಲ್ಲವೇ, ಯಾರೂ ಕಿತ್ತುಕೊಳ್ಳಲಿಲ್ಲವಲ್ಲ, ಕೊಟ್ಟೆ. ನಂಗೆ ನಿಮ್ಮ ಹಾಗೆ ಕೂಗೋಕೆ ಬರಲ್ಲ ಲಕ್ಕಣ್ಣ, ಇಲಿಯಾಸ್ ತಲೆ ಕೆರೆದುಕೊಂಡ. ಲಾರಿ ರಿವರ್ಸ್ ತಗೊಳ್ಳುವಾಗ ಹಿಂದೆ ನಿಂತು ಡ್ರೈವರಿಗೆ ಕೂಗ್ತಿದ್ದೆಯಲ್ಲ, ಕ್ಲೀನರ್ ಆಗಿದ್ದಾಗ. ಅದು ಬರ್ತದೆ. ಅದನ್ನೇ ಕೂಗು. ಗಿಡ್ಡಪ್ಪನ ಮುಖ ನೋಡಲು ಧೈರ್ಯ ಬರಲಿಲ್ಲ, ಅವನ ತಲೆಯ ಪಕ್ಕದಿಂದ ಸುತ್ತಿ ಹಿಂದಕ್ಕೆ ನಡೆದ, ಕಟ್ಟಳೆ ಹಾಕಿದವನು ಬೇಡ ಎನ್ನಲಿಲ್ಲ.

ಹಿಂದೆ ಎಂದರೆ ಹೀಗಿತ್ತೇ, ಮರೆತೇ ಹೋಗಿತ್ತು. ಮುಂದೆ ದಾರಿಯಿಲ್ಲ, ಕಂಬಳಿ ಇದೆ, ಕಂಬಳಿಯ ಅಂಚಿನಿಂದ ಗಿಡ್ಡಪ್ಪನ ಎರಡು ಅಂಗಾಲು, ಒಂದು ದಬ್ಬೆಯ ನಡುವೆ ನೆಟ್ಟಗೆ, ಇನ್ನೊಂದು ವಾಲಿಕೊಂಡು, ಬಿರುಕಿನಲ್ಲಿ ಹಳೆಯ ಕೆಂಪು ಮಣ್ಣು ತುಂಬಿದೆ, ತೊಳೆದರೆ ಹೋಗುವಂಥದಲ್ಲ, ಹುಡುಗನಾಗಿದ್ದಾಗ ಈ ಕಾಲಿನ ಹಿಂದೆ ಎಷ್ಟು ದೂರ ನಡೆದೆ, ಒಮ್ಮೆಯೂ ಕಾಣಿಸಲಿಲ್ಲ, ಆಗಲೂ ಕಂಬಳಿ ಅಡ್ಡ ಇತ್ತು. ಬರ್ಲಿ ಬರ್ಲಿ ಬರ್ಲಿ, ಇಲಿಯಾಸ್ ಕೂಗಿದ, ಬರ್ಲಿ, ಲೆಫ್ಟಿಗೊಂದು ಕಲ್ಲು, ರೈಟ್ ತಗೊಳಿ, ಹಾಂ ಬರ್ಲಿ. ಶಂಕರಮ್ಮನಿಗೆ ಅಷ್ಟು ಕಷ್ಟದಲ್ಲೂ ನಗು ಬಂತು, ಸೆರಗು ಬಾಯಿಗೆ ಹೋಯಿತು. ಇದೇನು ಜೋಲಿಯೋ ಮೂಟೆ ಲೋಡೋ, ಅಂದುಕೊಂಡ ಲಕ್ಕಯ್ಯ, ಮೂಗು ಮುರಿದ, ಆಮೇಲೆ ಮುರಿದ ಮೂಗು ಹಾಗೇ ನಿಂತಿತು. ಬೇರು ಬಂತು, ಎತ್ತಿದೆ ನಾನು — ಬರ್ಲಿ, ಬರ್ಲಿ — ಈಗ ನಿಮ್ದು, ಎತ್ತಿ, ಹಾಂ, ಇನ್ನೊಂದು ಕಾಲೂ ಎತ್ತಿ, ಬರ್ಲಿ. ಮೂರು ಸಲ ಕೂಗುತ್ತಾನೆ, ತನಗೊಂದು, ಹಿಂದಿನವನಿಗೊಂದು, ಹಿಂದಿನವನ ಹಿಂದಿನ ಕಾಲಿಗೆ ಮತ್ತೊಂದು. ಲಕ್ಕಯ್ಯ ಒಂದೇ ಸಲ ಕೂಗುತ್ತಿದ್ದ, ಗಿಡ್ಡಪ್ಪನೂ ಒಂದೇ ಸಲ, ಉಳಿದದ್ದು ಹಿಂದಿನವನ ಅಂದಾಜಿಗೆ, ಅದೇ ಗಂಡಸುತನ ಎಂದುಕೊಂಡಿದ್ದರು, ಲಾರಿಯವನಿಗೆ ಗೊತ್ತಿದೆ, ಹಿಂದಿನ ಚಕ್ರ ಎಲ್ಲಿದೆ ಎಂದು ಬಿಡದೆ ನೋಡಬೇಕು, ಚರಂಡಿಗೆ ಬೀಳುವುದು ಅದೇ. ಹೊಟ್ಟೆ ಉರಿಯಿತು ಸ್ವಲ್ಪ, ಸುಳ್ಳು ಯಾಕೆ, ಉರಿಯಿತು, ಆಮೇಲೆ ಬೇರೆ ಏನೋ ಎದೆಗೆ ಏರಿತು, ಮುಂದಿನ ಹೆಗಲಿಗೆ ಸರಿಯಾದವನನ್ನು ಕರೆದವನು ಯಾರು, ಅದನ್ನೇ ಕೂಗು ಎಂದವನು ಯಾರು. ಜೋಲಿ ನೀರಿನ ಮೇಲೆ ಹೋದಂತೆ ಹೋಗುತ್ತಿದೆ. ಕಾಲು ಮಾತ್ರ ಅದೇ ಕಾಲು, ಸರ್, ಸರ್, ಆದರೆ ಎತ್ತಿ ಎಂದಾಗ ಏಳುತ್ತದೆ, ತನ್ನ ಮಾತು ಕೇಳದ ಕಾಲು ಇಲಿಯಾಸನ ಮಾತು ಕೇಳುತ್ತದೆ. ಹಳ್ಳ ಇಳಿದರು, ನೀರು ಉಗುರಿನ ಗಾಯಕ್ಕೆ ಚುರುಕ್ ಎಂದಿತು, ಹತ್ತಿದರು, ಲಕ್ಕಯ್ಯನಿಗೆ ಹತ್ತಿದ್ದು ಗೊತ್ತಿಲ್ಲ, ಬರ್ಲಿ ಎಂದದ್ದಷ್ಟೇ ಗೊತ್ತು.

ಗಳದ ಸದ್ದು, ಕಲ್ಲಿನ ತೂತಿನಿಂದ ಬಿದಿರು ಎಳೆಯುವ ಸದ್ದು, ಶಂಕರಮ್ಮ ಮುಂದೆ ಓಡಿ ಮೇಲಿನ ಗಳಗಳನ್ನು ಸರಿಸುತ್ತಿದ್ದಾಳೆ, ಒಂದು, ಮತ್ತೊಂದು, ಉಣುಗೋಲು ಬಂತು, ರಸ್ತೆಯ ಬಿಸಿ ಟಾರಿನ ವಾಸನೆಯೂ ಬಂತು. ಕೆಳಗಿಂದು ಬರ್ತಾ ಇಲ್ಲ, ಜಗ್ಗುತ್ತಲೇ ಅಂದಳು, ತಂತಿ ಕಟ್ಟಿದಾರೆ. ಅದು ಬರಲ್ಲಮ್ಮ, ಬಿಡಿ, ದಾಟಿಸ್ತೀನಿ, ಇಲಿಯಾಸ್ ಅಂದ, ಲಕ್ಕಣ್ಣ, ಮೊಣಕಾಲೆತ್ತರ, ಗಟ್ಟಿ ಹಿಡೀರಿ. ಲಕ್ಕಯ್ಯನಿಗೆ ಗಳ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ, ಆ ಗೇಣಿನಷ್ಟು ಹೊಳಪು ಕಣ್ಣ ಮುಂದೆಯೇ ಇದೆ, ಕಂಬಳಿಯ ಮೇಲೆ, ಗಿಡ್ಡಪ್ಪನ ಅಂಗಾಲಿನ ಮೇಲೆ. ತೊಡೆಯಲ್ಲಿ ಉಳಿದ ಕಸುವನ್ನು ಹುಡುಕಿದ, ಪ್ರತಿ ಸಲ ಇಲ್ಲಿ ಸಿಗುತ್ತಿದ್ದದ್ದು ಇವತ್ತು ಸಿಗಲಿಲ್ಲ, ಡಬ್ಬಿ ಖಾಲಿ. ನಾನು ದಾಟ್ದೆ, ಬರ್ಲಿ, ನಿಧಾನ, ಬರ್ಲಿ, ಸಾಕು, ಈಗ ನಿಮ್ದು, ಎತ್ತಿ, ಇನ್ನೂ ಎತ್ತಿ, ಇನ್ನೂ, ಹಾಂ ಇಡಿ. ಎಡಗಾಲು ಆಚೆ ಇಳಿಯಿತು. ಈಚೆ ಬಲಗಾಲು, ರಕ್ತದ ಕಾಲು, ಯಾರೂ ನೋಡದ ಕಾಲು. ಇನ್ನೊಂದು ಕಾಲು ಲಕ್ಕಣ್ಣ, ನಾನಿದೀನಿ, ಎತ್ತಿ. ಎತ್ತಿದ. ಎದ್ದಿತು, ತಡವಾಗಿ ಎದ್ದಿತು, ಭಾರವಾಗಿ ಎದ್ದಿತು, ಮೇಲೆ ಬಂತು, ಇನ್ನೊಂದು ಕೂದಲೆಳೆಯಷ್ಟು ಬರಬೇಕಿತ್ತು, ಬರಲಿಲ್ಲ, ಹೆಬ್ಬೆರಳು ಬಿದಿರಿಗೆ ತಾಗಿತು. ಗದ್ದಲವಿಲ್ಲದೆ ತಾಗಿತು, ನುಣುಪಾಗಿತ್ತು ಅಲ್ಲಿ, ಎಷ್ಟು ನುಣುಪು, ಇಷ್ಟು ವರ್ಷದಲ್ಲಿ ಅದು ಇಷ್ಟು ನುಣುಪೆಂದು ಅವನಿಗೆ ಗೊತ್ತೇ ಇರಲಿಲ್ಲ, ಎಲ್ಲರ ಕಾಲೂ ಉಜ್ಜಿ ಉಜ್ಜಿ ದಾರಿ ಮಾಡಿಟ್ಟಂತೆ ಬೆರಳು ತಡೆಯದೆ ಜಾರಿ ಆಚೆ ಬಂತು, ನೆಲ ಸಿಕ್ಕಿತು, ಹೆಗಲು ಅಲ್ಲಾಡಲಿಲ್ಲ, ಬೊಂಬು ಅಲ್ಲಾಡಲಿಲ್ಲ. ಕಂಬಳಿಯೊಳಗಿನಿಂದ, ಅಷ್ಟು ದೂರದಿಂದ, ಮುಟ್ತಾ ಲಕ್ಕ. ಮುಟ್ತು ಗಿಡ್ಡಪ್ಪಣ್ಣ. ಮುಟ್ತಾ, ಎಂದ ಗಿಡ್ಡಪ್ಪ, ನಂಗೆ ಗೊತ್ತೇ ಆಗ್ಲಿಲ್ಲ ಮಾರಾಯ, ಲೋಟದಲ್ಲಿ ನೀರಿಟ್ಟಿದ್ರೂ ಚೆಲ್ತಿರ್ಲಿಲ್ಲ. ಆಮೇಲೆ ಲಾರಿಯ ಹಿಂಬಾಗಿಲು ಇಳಿಸುವ ಸದ್ದು, ಹುಲ್ಲು ಹಾಸ್ರಿ ಹುಲ್ಲು ಎಂದು ಮೊಹಿದ್ದೀನ್ ಸಾಹೇಬರು, ಶಂಕರಮ್ಮ ಈಗ ಅಳುತ್ತಿದ್ದಾಳೆ, ಅಳಲಿ, ಬದುಕಿದವನ ಮುಂದೆ ಅಳಬಹುದು, ಬರ್ಲಿ ಬರ್ಲಿ ಎನ್ನುತ್ತಿದ್ದಾನೆ ಇಲಿಯಾಸ್, ಲಕ್ಕಯ್ಯನ ಕಾಲು ಹೋಗುತ್ತಿದೆ, ಮನಸ್ಸು ಹಿಂದೆಯೇ ನಿಂತಿದೆ, ಹಿಂದಿರುಗಿ ನೋಡಲು ಹೆಗಲು ಬಿಡುವುದಿಲ್ಲ, ನೋಡದೆಯೂ ಕಾಣುತ್ತದೆ, ಬಿಸಿಲಿನಲ್ಲಿ ಬೂದು ಬಣ್ಣದ ಬಿದಿರು, ನಡುವೆ ಗೇಣಿನಷ್ಟು ಹೊಳಪು, ಹೊಳಪಿನ ಮೇಲೆ ಒಂದು ಗೀರು, ಕೆಂಪು, ಹಸಿ, ಅವನದು.